ಟ್ಯಾಂಕಿನ ಮುಚ್ಚಳದ ಮೇಲಿನ ಹೆಸರು: ರುಡಾಲ್ಫ್ ಡೀಸೆಲ್

ಸುಗ್ಗಿ ಕಾಲದಲ್ಲಿ ನಂಜನಗೂಡಿನಿಂದ ಟಿ. ನರಸೀಪುರದ ಕಡೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ನೋಡಿ. ಕಬಿನಿ ನಾಲೆಯ ನೀರುಂಡ ಬಯಲಿನಲ್ಲಿ ಹಾರ್ವೆಸ್ಟರ್ ಭತ್ತ ಕೊಯ್ಯುತ್ತಿರುತ್ತೆ. ಬದುವಿನ ಮೇಲೆ ಟ್ರೇಲರ್ ಕಟ್ಟಿಕೊಂಡು ಟ್ರ್ಯಾಕ್ಟರ್ ಕಾಯುತ್ತಿರುತ್ತೆ. ಸ್ವಲ್ಪ ಮುಂದೆ ಜೆಸಿಬಿಯೊಂದು ಮಣ್ಣು ಬಗೆಯುತ್ತಿರುತ್ತೆ. ಮೂರರ ಟ್ಯಾಂಕಿನ ಮುಚ್ಚಳದ ಮೇಲೂ ಒಬ್ಬ ಮನುಷ್ಯನ ಹೆಸರಿದೆ. ಥರ್ಮೋಡೈನಮಿಕ್ಸ್ ಪೇಪರಿನಲ್ಲಿ ಅವನ ಹೆಸರಿನ ಸೈಕಲ್ ಬರೆದು, ಪಿ-ವಿ ಚಿತ್ರಕ್ಕೆ ಬಾಣ ಹಾಕಿ, ಮಾರ್ಕ್ಸ್ ತಗೊಂಡು ಮರೆತುಬಿಡೋರು ನಾವು. ಈ ಸಲ ಆ ಮನುಷ್ಯನ ಕಥೆ ಹೇಳೋಣ. ಕೊನೆಗೆ ಇದೇ ಗದ್ದೆಗೆ ವಾಪಸ್ ಬರೋಣ, ಯಾಕಂದರೆ ಅವನು ಶುರು ಮಾಡಿದ ಲೆಕ್ಕ ಇನ್ನೂ ಇಲ್ಲಿ ಮುಗಿದಿಲ್ಲ.

ರುಡಾಲ್ಫ್ ಡೀಸೆಲ್ ಹುಟ್ಟಿದ್ದು 1858ರ ಮಾರ್ಚ್ 18ರಂದು, ಪ್ಯಾರಿಸ್‌ನಲ್ಲಿ. ಅಪ್ಪ ಅಮ್ಮ ಜರ್ಮನಿಯ ಬವೇರಿಯಾದ ಕಡೆಯವರು. ಅಪ್ಪನದು ಚರ್ಮದ ಸಾಮಾನು ತಯಾರಿಸುವ ಸಣ್ಣ ಕಸುಬು. ಹುಡುಗನಿಗೆ ಹನ್ನೆರಡು ವರ್ಷವಾದಾಗ ಫ್ರಾನ್ಸ್‌ಗೂ ಜರ್ಮನ್ನರಿಗೂ ಯುದ್ಧ ಹತ್ತಿತು. ಜರ್ಮನ್ ಮೂಲದವರು ಊರು ಬಿಡಬೇಕಾಯಿತು. ಇದ್ದಬದ್ದದ್ದು ಬಿಟ್ಟು ಸಂಸಾರ ಲಂಡನ್ ಸೇರಿತು. ಅಲ್ಲಿ ಎಲ್ಲರ ಹೊಟ್ಟೆ ತುಂಬುವುದೇ ಕಷ್ಟವಾದ್ದರಿಂದ, ಹುಡುಗನನ್ನು ಆಗ್ಸ್‌ಬರ್ಗ್‌ನಲ್ಲಿ ಗಣಿತದ ಮೇಷ್ಟ್ರಾಗಿದ್ದ ಬಂಧುವಿನ ಮನೆಗೆ ಕಳಿಸಿದರು. ಓದಿ ಎಂಜಿನಿಯರ್ ಆಗಬೇಕು ಅನ್ನೋ ಹಟ ಅವನಿಗೆ ಹತ್ತಿದ್ದು ಅಲ್ಲೇ.

ಮುಂದೆ ಮ್ಯೂನಿಕ್‌ನ ಪಾಲಿಟೆಕ್ನಿಕ್. ಅಲ್ಲಿ ಸಿಕ್ಕ ಗುರು ಕಾರ್ಲ್ ಫಾನ್ ಲಿಂಡೆ, ರೆಫ್ರಿಜರೇಶನ್ ಪಾಠದಲ್ಲಿ ನಾವು ಕೇಳುವ ಅದೇ ಲಿಂಡೆ. ಕಾರ್ನೋ ಸಿದ್ಧಾಂತ ಹೇಳಿಕೊಡುವಾಗ ಲಿಂಡೆ ಒಂದು ಮಾತು ಹೇಳಿದರು: ಉಗಿ ಎಂಜಿನ್ನು ಕಲ್ಲಿದ್ದಲಿನ ಶಾಖದಲ್ಲಿ ಹತ್ತರಲ್ಲಿ ಒಂದು ಪಾಲನ್ನೂ ಕೆಲಸಕ್ಕೆ ತಿರುಗಿಸುವುದಿಲ್ಲ. ಉಳಿದ ತೊಂಬತ್ತು ಪಾಲು ಎಲ್ಲಿ ಹೋಯಿತು? ಕ್ಲಾಸಿನಲ್ಲಿ ಎಲ್ಲರೂ ಬರೆದುಕೊಂಡರು. ಡೀಸೆಲ್‌ಗೆ ಮಾತ್ರ ಅದು ತಲೆಯಲ್ಲಿ ಹುಳ ಬಿಟ್ಟಂತಾಯಿತು. ಪದವಿ ಪರೀಕ್ಷೆಯ ಹೊತ್ತಿಗೆ ಟೈಫಾಯ್ಡ್ ಬಂದು ಮಲಗಿದ. ತಡವಾಗಿ 1880ರಲ್ಲಿ ಪರೀಕ್ಷೆ ಬರೆದು ಅತ್ಯುತ್ತಮ ಅಂಕ ತೆಗೆದ.

ನಂತರ ಸುಮಾರು ಹತ್ತು ವರ್ಷ ಪ್ಯಾರಿಸ್‌ನಲ್ಲಿ ಲಿಂಡೆಯವರ ಐಸ್ ಯಂತ್ರಗಳ ಕೆಲಸ. 1883ರಲ್ಲಿ ಮಾರ್ಥಾ ಜೊತೆ ಮದುವೆ, ಆಮೇಲೆ ಮೂರು ಮಕ್ಕಳು. ಬಿಡುವು ಸಿಕ್ಕಾಗಲೆಲ್ಲ ಆ ಹುಳಕ್ಕೆ ಮೇವು. ಮೊದಲು ಅಮೋನಿಯಾ ಆವಿಯಿಂದ ಎಂಜಿನ್ ಓಡಿಸಲು ನೋಡಿದ, ಕೈಗೂಡಲಿಲ್ಲ. ಆಮೇಲೆ ಹೊಳೆದದ್ದು ಸರಳವಾದ ಮಾತು: ಗಾಳಿಯನ್ನು ಒತ್ತಿ ಒತ್ತಿ ಕೆಂಡದಷ್ಟು ಬಿಸಿ ಮಾಡಿದರೆ, ಅದರೊಳಗೆ ಬಿದ್ದ ಇಂಧನ ತಾನಾಗಿಯೇ ಹೊತ್ತಿಕೊಳ್ಳುತ್ತೆ. ಕಿಡಿ ಬೇಕಿಲ್ಲ. ಒತ್ತಡ ಜಾಸ್ತಿ ಆದಷ್ಟೂ ದಕ್ಷತೆ ಜಾಸ್ತಿ. 1892ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ, ಮರುವರ್ಷ ಅದು ಕೈಸೇರಿತು.

ಕಾಗದದ ಮೇಲೆ ಅವನು 250 ಅಟ್ಮಾಸ್ಫಿಯರ್ ಒತ್ತಡದ ಲೆಕ್ಕ ಹಾಕಿದ್ದ. ಆಗಿನ ಕಬ್ಬಿಣಕ್ಕೆ ಅದು ಆಗದ ಮಾತು. ಆಗ್ಸ್‌ಬರ್ಗ್‌ನ ಯಂತ್ರ ಕಾರ್ಖಾನೆ ಜಾಗ ಕೊಟ್ಟಿತು, ಕ್ರುಪ್ ಕಂಪನಿ ದುಡ್ಡು ಹಾಕಿತು. 1893ರ ಆಗಸ್ಟ್‌ನಲ್ಲಿ ಮೊದಲ ಪ್ರಯೋಗ. ಇಂಧನ ಹೊತ್ತಿದ್ದೇನೋ ಹೌದು, ಆದರೆ ಒತ್ತಡ ಅಳೆಯುವ ಇಂಡಿಕೇಟರ್ ಸಿಡಿದು ಚೂರಾಯಿತು. ಪಕ್ಕದಲ್ಲಿದ್ದವರು ಬದುಕಿದ್ದೇ ಪುಣ್ಯ. 1894ರ ಫೆಬ್ರವರಿ 17ರಂದು ಎಂಜಿನ್ನು ತನ್ನದೇ ಶಕ್ತಿಯಿಂದ ಸುಮಾರು ಒಂದು ನಿಮಿಷ ಓಡಿತು. ಒಂದೇ ನಿಮಿಷ! ಪ್ರಾಜೆಕ್ಟ್ ಡೆಮೋ ದಿನ ಕೈಕೊಟ್ಟ ಮಾಡೆಲ್ ಹಿಡಿದು ನಿಂತವರಿಗೆ ಆ ನಿಮಿಷದ ಬೆಲೆ ಗೊತ್ತು. ಇನ್ನೂ ಮೂರು ವರ್ಷ ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ, 1897ರ ಫೆಬ್ರವರಿಯಲ್ಲಿ ಪ್ರೊಫೆಸರ್ ಮೋರಿಟ್ಸ್ ಶ್ರೋಟರ್ ಎದುರು ಅಧಿಕೃತ ಪರೀಕ್ಷೆ ನಡೆಯಿತು. ದಕ್ಷತೆ 26.2 ಶೇಕಡಾ. ಇಡೀ ಯುರೋಪು ತಿರುಗಿ ನೋಡಿತು.

ದುಡ್ಡು ಸುರಿಯಿತು. ಅಮೆರಿಕದ ಹಕ್ಕನ್ನು ಬಿಯರ್ ವ್ಯಾಪಾರಿ ಅಡಾಲ್ಫಸ್ ಬುಷ್ ಹತ್ತು ಲಕ್ಷ ಮಾರ್ಕ್‌ಗೆ ಕೊಂಡ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಒಂದು ಡೀಸೆಲ್ ಎಂಜಿನ್ನು ಕಡಲೆಕಾಯಿ ಎಣ್ಣೆ ಕುಡಿದು ಓಡಿತು. ಜನಕ್ಕೆ ಅದು ಗೊತ್ತೂ ಆಗಲಿಲ್ಲವಂತೆ, ಅಷ್ಟು ಸಲೀಸಾಗಿತ್ತು. ದೊಡ್ಡ ಉಗಿ ಯಂತ್ರ ಇಟ್ಟುಕೊಂಡ ದೊಡ್ಡ ಕಾರ್ಖಾನೆಗಳ ಎದುರು ಸಣ್ಣ ಕಸುಬಿನವನೂ ತನ್ನದೇ ಎಂಜಿನ್ ಇಟ್ಟುಕೊಂಡು ನಿಲ್ಲಬೇಕು ಅನ್ನೋದು ಡೀಸೆಲ್‌ನ ಕನಸು. ಅಪ್ಪನ ಕಸುಬು ಮುಚ್ಚಿದ್ದನ್ನು ಕಂಡವನು ತಾನೇ. ಕೆಲಸಗಾರರೇ ಸೇರಿ ಕಾರ್ಖಾನೆ ನಡೆಸುವ ಬಗ್ಗೆ 1903ರಲ್ಲಿ ಒಂದು ಪುಸ್ತಕವನ್ನೂ ಬರೆದ. ಅದನ್ನು ಹೆಚ್ಚು ಜನ ಓದಲಿಲ್ಲ.

ಇಳಿಗಾಲವೂ ಅಷ್ಟೇ ಬೇಗ ಬಂತು. ಮೊದಮೊದಲು ಮಾರಿದ ಎಂಜಿನ್ನುಗಳು ಕೆಟ್ಟು ನಿಂತವು. ಪೇಟೆಂಟಿನಲ್ಲಿ ಬರೆದದ್ದೇ ಬೇರೆ, ಯಂತ್ರ ನಡೆಯುವುದೇ ಬೇರೆ ಎಂದು ಪಂಡಿತರು ಹೀಗಳೆದರು. ಅದರಲ್ಲಿ ನಿಜವೂ ಇತ್ತು. ತಾಪಮಾನ ಏರದಂತೆ ಇಂಧನ ಉರಿಸಬೇಕು ಅನ್ನೋ ಮೂಲ ಕಲ್ಪನೆಯನ್ನು ಅವನು ಪ್ರಯೋಗದಲ್ಲಿ ಕೈಬಿಟ್ಟಿದ್ದ. ಜಮೀನು, ಮನೆ, ಎಣ್ಣೆ ಬಾವಿ ಅಂತ ಹಾಕಿದ ದುಡ್ಡು ಮುಳುಗಿತು. ತಲೆನೋವು, ನಿದ್ದೆಯಿಲ್ಲದ ರಾತ್ರಿಗಳು. ತಮಾಷೆ ಅಂದರೆ, ಆ ವರ್ಷಗಳಲ್ಲೇ ಅವನ ಎಂಜಿನ್ನು ಗೆಲ್ಲುತ್ತಿತ್ತು. 1912ರಲ್ಲಿ ಡೆನ್ಮಾರ್ಕಿನ ಸೆಲಾಂಡಿಯಾ ಹಡಗು ಡೀಸೆಲ್ ಬಲದಿಂದ ಸಾಗರ ದಾಟಿತು.

1913ರ ಸೆಪ್ಟೆಂಬರ್ 29ರ ಸಂಜೆ ಡೀಸೆಲ್ ಆಂಟ್‌ವರ್ಪ್‌ನಲ್ಲಿ ಡ್ರೆಸ್ಡನ್ ಎಂಬ ಹಡಗು ಹತ್ತಿದ. ಇಂಗ್ಲೆಂಡಿಗೆ ಹೊರಟಿದ್ದ. ರಾತ್ರಿ ಊಟ ಮಾಡಿ ಕ್ಯಾಬಿನ್‌ಗೆ ಹೋದವನು ಬೆಳಿಗ್ಗೆ ಇರಲಿಲ್ಲ. ಕೆಲವು ದಿನದ ಮೇಲೆ ಡಚ್ ದೋಣಿಯೊಂದಕ್ಕೆ ಸಮುದ್ರದಲ್ಲಿ ಶವ ಸಿಕ್ಕಿತು. ಜೇಬಿನಲ್ಲಿದ್ದ ವಸ್ತುಗಳನ್ನು ನೋಡಿ ಮಗ ಗುರುತಿಸಿದ. ವಯಸ್ಸು 55. ಮನೆಯವರಿಗೆ ಉಳಿದದ್ದು ಬಹುಪಾಲು ಸಾಲ. ಆತ್ಮಹತ್ಯೆಯೋ ಬೇರೇನೋ ಅನ್ನೋ ಚರ್ಚೆ ಇವತ್ತಿಗೂ ನಿಂತಿಲ್ಲ.

ಈಗ ನಮ್ಮ ಗದ್ದೆಗೆ ಬರೋಣ. ಡೀಸೆಲ್ ತನಗೆ ತಾನೇ ಕೊಟ್ಟುಕೊಂಡ ಪರೀಕ್ಷೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ: ದಕ್ಷತೆ ಎಷ್ಟು? ಅದಕ್ಕೆ ಅವನು ಕಂಡುಕೊಂಡ ಉತ್ತರದಲ್ಲೇ ತೊಡಕೂ ಇತ್ತು. ಒತ್ತಡ, ಶಾಖ ಏರಿದಷ್ಟೂ ಗಾಳಿಯ ನೈಟ್ರೋಜನ್ ಆಮ್ಲಜನಕದ ಜೊತೆ ಸೇರಿ ನೈಟ್ರೋಜನ್ ಆಕ್ಸೈಡ್ ಆಗುತ್ತೆ. ಇಂಧನದ ಹನಿಗೆ ಸರಿಯಾಗಿ ಗಾಳಿ ಸಿಗದ ಕಡೆ ಮಸಿ ಆಗುತ್ತೆ. ಉರಿಯನ್ನು ತಣ್ಣಗೆ ಮಾಡಿ ಒಂದನ್ನು ಇಳಿಸಿದರೆ ಇನ್ನೊಂದು ಏರುತ್ತೆ. ಕಲ್ಲಿದ್ದಲ ಚಿಮಣಿಗಳ ಕಾಲದಲ್ಲಿ ಇದು ದೊಡ್ಡ ಮಾತಾಗಿರಲಿಲ್ಲ. 2012ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಡೀಸೆಲ್ ಹೊಗೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತೆ ಎಂದು ಖಚಿತವಾಗಿ ಹೇಳಿತು. ದಿನಕ್ಕೆ ಹತ್ತು ಗಂಟೆ ಆ ಹೊಗೆಯ ಪಕ್ಕ ಕೂರುವವನು ಹಾರ್ವೆಸ್ಟರ್ ಡ್ರೈವರ್. ನಮ್ಮಲ್ಲಿ ಕೆಲವರಿಗೆ ಅವನು ಅಣ್ಣನೋ ಮಾವನೋ ಆಗಿರುತ್ತಾನೆ.

ಆದ್ದರಿಂದ ಪರೀಕ್ಷೆಗೆ ಎರಡನೇ ಪ್ರಶ್ನೆ ಸೇರಿಸಿದ್ದು ಕಾನೂನು. ರಸ್ತೆ ವಾಹನಗಳ ಭಾರತ್ ಸ್ಟೇಜ್ ನಮಗೆಲ್ಲ ಗೊತ್ತು. ಗದ್ದೆ, ಕ್ವಾರಿಗಳ ಯಂತ್ರಗಳಿಗೆ ಬೇರೆಯದೇ ಮಿತಿ ಇದೆ. ನಿರ್ಮಾಣ ಯಂತ್ರಗಳಿಗೆ ನಾಲ್ಕನೇ ಹಂತ 2021ರ ಏಪ್ರಿಲ್‌ನಿಂದ ಬಂತು. 50 ಎಚ್‌ಪಿ ಮೀರಿದ ಟ್ರ್ಯಾಕ್ಟರ್‌ಗಳಿಗೆ ಟ್ರೆಮ್-4 ಮುಂದೂಡಿ ಮುಂದೂಡಿ 2023ರ ಜನವರಿಯಿಂದ ಜಾರಿಯಾಯಿತು. ಇದರಿಂದ 50ರಿಂದ 75 ಎಚ್‌ಪಿ ಟ್ರ್ಯಾಕ್ಟರಿನ ಮಸಿ ಮಿತಿ ಪ್ರತಿ ಕಿಲೋವ್ಯಾಟ್-ಗಂಟೆಗೆ 0.4 ಗ್ರಾಂನಿಂದ 0.025ಕ್ಕೆ ಇಳಿಯಿತು. ಅಂದರೆ ಹದಿನಾರನೇ ಒಂದು ಪಾಲು!

ನಮ್ಮಲ್ಲಿ ಈ ಮಿತಿಯ ಭಾರ ಬೀಳೋದು ಹೊಸ ಯಂತ್ರದ ಮೇಲೆ. ಹಳೆಯದು ಹಳೆಯ ಹೊಗೆಯೊಂದಿಗೇ ದುಡಿಯುತ್ತೆ. ಕ್ಯಾಲಿಫೋರ್ನಿಯಾದಲ್ಲಿ ಹಾಗಲ್ಲ. ಅಲ್ಲಿ ಕೃಷಿ ಬಿಟ್ಟು ನಿರ್ಮಾಣದಂಥ ಕೆಲಸದ ಯಂತ್ರಗಳಿಗೆ ಮಾಲೀಕನ ಬಳಿ ಇರುವುದರ ಸರಾಸರಿ ಲೆಕ್ಕ ಹಾಕುತ್ತಾರೆ, ಸುಮ್ಮನೆ ಎಂಜಿನ್ ಓಡಿಸಿ ನಿಲ್ಲಿಸೋದಕ್ಕೆ ಐದು ನಿಮಿಷದ ಮಿತಿ ಇದೆ. 2024ರಿಂದ ಸಸ್ಯದೆಣ್ಣೆ, ಕೊಬ್ಬುಗಳಿಂದ ಮಾಡಿದ ನವೀಕೃತ ಡೀಸೆಲ್ಲನ್ನೇ ಹಾಕಬೇಕು ಎಂದೂ ನಿಯಮ ಬಂದಿದೆ. ಪ್ಯಾರಿಸ್‌ನ ಕಡಲೆಕಾಯಿ ಎಣ್ಣೆ ನೆನಪಾಯಿತಾ?

ನಾಲ್ಕು ಯಂತ್ರ ಇಟ್ಟುಕೊಂಡು ಬಾಡಿಗೆಗೆ ಬಿಡುವ ನರಸೀಪುರದ ಮಾಲೀಕನಿಗೆ ನಿಯಮ ಅಂದರೆ ಮೊದಲು ಖರ್ಚು, ಆಮೇಲೆ ಅಭ್ಯಾಸ ಬದಲಾವಣೆ. ಮಸಿ ಫಿಲ್ಟರ್ ತುಂಬಿದಾಗ ಅದನ್ನು ಸುಟ್ಟು ಶುಚಿ ಮಾಡಲು ಸುಮಾರು 600 ಡಿಗ್ರಿ ಶಾಖ ಬೇಕು. ಒಣಹುಲ್ಲಿನ ನಡುವೆ ಅದು ಬೆಂಕಿಗೆ ದಾರಿ, ಹಾಗಾಗಿ ತಡೆಯುವ ಸ್ವಿಚ್ ಇಟ್ಟಿರುತ್ತಾರೆ. ಆ ಸ್ವಿಚ್ ಒತ್ತಿ ಮರೆತರೆ ಫಿಲ್ಟರ್ ಕಟ್ಟಿಕೊಂಡು, ಎಂಜಿನ್ ಕೈಕೊಡುತ್ತೆ. ಗಂಟೆಗಟ್ಟಲೆ ಐಡಲ್‌ನಲ್ಲಿ ಬಿಟ್ಟರೂ ಅಷ್ಟೇ, ಹೊಗೆ ತಣ್ಣಗಾಗಿ ಮಸಿ ಸುಡೋದಿಲ್ಲ. ದೊಡ್ಡ ಎಂಜಿನ್ನುಗಳಿಗೆ ಯೂರಿಯಾ ದ್ರಾವಣ ಬೇಕು. ಹಾಗಂತ ಸೊಸೈಟಿಯಲ್ಲಿ ತಂದ ಮೂಟೆಯ ಯೂರಿಯಾ ಕರಗಿಸಿ ಹಾಕುವಂತಿಲ್ಲ. ಅದಕ್ಕೆ ಬೇವಿನೆಣ್ಣೆ ಲೇಪನ ಇರುತ್ತೆ, ಕ್ಯಾಟಲಿಸ್ಟ್ ಹಾಳಾಗುತ್ತೆ. 32.5 ಶೇಕಡಾದ ಶುದ್ಧ ದ್ರಾವಣವೇ ಬೇಕು. ಇದನ್ನೆಲ್ಲ ಅವನಿಗೆ ಕನ್ನಡದಲ್ಲಿ ಕೂತು ಹೇಳುವವರು ಎಷ್ಟು ಜನ? ಹೇಳದಿದ್ದರೆ ಅವನು ಮೆಕ್ಯಾನಿಕ್ ಹತ್ತಿರ ಹೋಗಿ ಫಿಲ್ಟರನ್ನೇ ಕಿತ್ತು ಹಾಕಿಸುತ್ತಾನೆ. ಅಲ್ಲಿಗೆ ಹದಿನಾರನೇ ಒಂದು ಪಾಲಿನ ಲೆಕ್ಕ ಕಾಗದದಲ್ಲೇ ಉಳಿಯುತ್ತೆ.

ಸಣ್ಣ ಕಸುಬಿನವನ ಕೈಗೆ ಎಂಜಿನ್ ಸಿಗಬೇಕು ಅನ್ನೋ ಡೀಸೆಲ್‌ನ ಆಸೆ ನಮ್ಮ ತಾಲ್ಲೂಕುಗಳಲ್ಲಿ ಒಂದು ಮಟ್ಟಿಗೆ ಈಡೇರಿದೆ. ಆ ಎಂಜಿನ್ನು ಅವನ ಎದೆಗೂಡಿಗೆ ಹೊಗೆ ತುಂಬದ ಹಾಗೆ, ಅವನ ಜೇಬನ್ನೂ ಸುಡದ ಹಾಗೆ ನಡೆಯಬೇಕು ಅನ್ನೋದು ಬಾಕಿ. ಆ ಪೇಪರ್ ಬರೆಯಬೇಕಾದವರು ನಾವು. ಈ ಸೆಮಿಸ್ಟರ್ ಡೀಸೆಲ್ ಸೈಕಲ್ ಬರೆಯುವಾಗ, ಎಕ್ಸಾಸ್ಟ್ ಅಂತ ಗುರುತು ಹಾಕುವ ಆ ಕೊನೆಯ ಗೆರೆಯನ್ನು ಒಂದು ಕ್ಷಣ ನೋಡಿ. ಅದರ ಇನ್ನೊಂದು ತುದಿ ಕಬಿನಿ ಬಯಲಲ್ಲಿದೆ.