ಗಾಳಿಯ ಲೆಕ್ಕ

ಹಿಂದಿನ ವರ್ಷ ನಮ್ಮ ಕಾಲೇಜಿನ ಕ್ರೀಡೋತ್ಸವದಲ್ಲಿ ನನ್ನನ್ನು ಗಡಿಯಾರ ಹಿಡಿಯುವವರ ಸಾಲಿನಲ್ಲಿ ಕೂರಿಸಿದ್ದರು. ಪಂಪ ರನ್ನರ ಪಾಠ ಹೇಳುವವನ ಕೈಗೆ ಸ್ಟಾಪ್‌ವಾಚು ಏಕೆ ಬಂದಿತೆಂದು ವಾಚಕರು ಕೇಳಬಾರದು. ಆ ದಿನ ಜನ ಸಾಲದೆ ಬಂದಿತ್ತು, ಅಷ್ಟೆ. ನೂರು ಮೀಟರಿನ ಓಟದಲ್ಲಿ ನನ್ನ ತರಗತಿಯ ಹುಡುಗನೊಬ್ಬ ಕಾಲೇಜಿನ ಹಳೆಯ ದಾಖಲೆಗಿಂತ ಬೇಗ ಗುರಿ ಮುಟ್ಟಿದನು. ನಾನು ಸಂಭ್ರಮದಿಂದ ಎದ್ದು ನಿಂತೆ. ದೈಹಿಕ ಶಿಕ್ಷಣದ ಅಧ್ಯಾಪಕರು ಮಾತಾಡದೆ ಮೈದಾನದಂಚಿನ ಬಾವುಟಗಳ ಕಡೆಗೆ ಕೈ ತೋರಿದರು. ಅವೆಲ್ಲವೂ ಗುರಿಯ ದಿಕ್ಕಿಗೆ ಪಟಪಟನೆ ಬಡಿಯುತ್ತಿದ್ದವು. ಗಾಳಿ ಹುಡುಗನ ಬೆನ್ನಿಗಿತ್ತು. ಗೆಲವು ಅವನದಾಯಿತು, ದಾಖಲೆ ಆಗಲಿಲ್ಲ.

ಮರುದಿನ ಅವನು ನನ್ನ ಕೋಣೆಗೆ ಬಂದು, ಎದುರುಗಾಳಿ ಬೀಸಿದ್ದರೆ ತನಗೆ ಅಷ್ಟು ಕಾಲವನ್ನು ಕಳೆದು ಕೊಡುತ್ತಿದ್ದರೇ ಎಂದು ಕೇಳಿದನು. ನನ್ನಲ್ಲಿ ಉತ್ತರವಿರಲಿಲ್ಲ. ಅದನ್ನು ಹುಡುಕುತ್ತ ಹೋದವನಿಗೆ ದೊರೆತದ್ದು ಜೆಸ್ಸಿ ಓವೆನ್ಸನ ಬಾಳು.

ಓವೆನ್ಸ್ ಹುಟ್ಟಿದ್ದು 1913ರ ಸೆಪ್ಟೆಂಬರ್ 12ರಂದು, ಅಮೆರಿಕದ ಅಲಬಾಮಾ ಸಂಸ್ಥಾನದ ಓಕ್‌ವಿಲ್ ಎಂಬ ಹಳ್ಳಿಯಲ್ಲಿ. ಅಜ್ಜನ ತಲೆಮಾರು ಗುಲಾಮಗಿರಿಯಲ್ಲಿ ಸವೆದಿತ್ತು. ತಂದೆ ಪರರ ಹೊಲವನ್ನು ಕೋರಿಗೆ ಉಳುತ್ತಿದ್ದ ಬಡ ರೈತ. ಹುಡುಗನಿಗೆ ಒಂಬತ್ತು ವರ್ಷವಾದಾಗ ಸಂಸಾರ ಉತ್ತರದ ಕ್ಲೀವ್‌ಲೆಂಡಿಗೆ ಗುಳೆ ಹೋಯಿತು. ಹೊಸ ಶಾಲೆಯ ಉಪಾಧ್ಯಾಯಿನಿ ಹೆಸರು ಕೇಳಿದಾಗ ಆತ ತನ್ನ ದಕ್ಷಿಣದ ಉಚ್ಚಾರಣೆಯಲ್ಲಿ ಜೆ. ಸಿ. ಎಂದನು, ಆಕೆಗೆ ಅದು ಜೆಸ್ಸಿ ಎಂದು ಕೇಳಿಸಿತು. ತಪ್ಪಾಗಿ ಬರೆದ ಆ ಹೆಸರೇ ಲೋಕದಲ್ಲಿ ನಿಂತಿತು.

ಸಂಜೆ ಚಪ್ಪಲಿ ಹೊಲಿಯುವ ಅಂಗಡಿಯಲ್ಲಿ ದುಡಿಯಬೇಕಾಗಿದ್ದ ಈ ಹುಡುಗನಿಗಾಗಿ ಚಾರ್ಲ್ಸ್ ರೈಲಿ ಎಂಬ ಬಿಳಿಯ ಅಧ್ಯಾಪಕ ಬೆಳಗಿನ ಹೊತ್ತು ಮೈದಾನಕ್ಕೆ ಬರುತ್ತಿದ್ದನು. ಕಾದ ನೆಲವನ್ನು ಮೆಟ್ಟಿದವನಂತೆ ಹಗುರವಾಗಿ ಓಡುವುದನ್ನು ಆತ ಕಲಿಸಿದನು. ಈ ಪಾಠದ ಬೆಲೆ ತಿಳಿಯಬೇಕಾದರೆ ನೂರು ಮೀಟರಿನ ಓಟದ ಒಳಗುಟ್ಟನ್ನು ಅರಿಯಬೇಕು. ಅದು ಮೊದಲಿನಿಂದ ಕೊನೆಯವರೆಗೆ ಒಂದೇ ವೇಗದ ಓಟವಲ್ಲ. ಓಟಗಾರನ ವೇಗ ಸುಮಾರು 60 ಮೀಟರಿನ ಆಚೀಚೆ ತುದಿ ಮುಟ್ಟಿ, ಆ ಬಳಿಕ ಇಳಿಯತೊಡಗುತ್ತದೆ. ಎಂಥ ವೀರನೂ ಇದಕ್ಕೆ ಹೊರತಲ್ಲ. ಕೊನೆಯಲ್ಲಿ ಮುನ್ನುಗ್ಗುವಂತೆ ತೋರುವವನು ನಿಜವಾಗಿ ಎಲ್ಲರಿಗಿಂತ ಕಡಮೆ ನಿಧಾನವಾಗುತ್ತಿರುವವನು. ಆಗ ಹಲ್ಲು ಕಚ್ಚಿ ಹೆಗಲು ಬಿಗಿದರೆ ವೇಗ ಇನ್ನೂ ಬೇಗ ಕುಸಿಯುತ್ತದೆ. ಓವೆನ್ಸನ ಓಟದ ಹಳೆಯ ಚಲನಚಿತ್ರಗಳಲ್ಲಿ ಮುಖ ಶಾಂತವಾಗಿಯೇ ಇರುವುದನ್ನು ಇಂದಿಗೂ ಕಾಣಬಹುದು.

ಓಹಾಯೋ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಆತನಿಗೆ ವಿದ್ಯಾರ್ಥಿವೇತನ ದೊರೆಯಲಿಲ್ಲ. ಕಪ್ಪು ಜನಾಂಗದವನಾದ್ದರಿಂದ ವಿದ್ಯಾರ್ಥಿನಿಲಯದಲ್ಲಿ ಇರುವಂತೆಯೂ ಇರಲಿಲ್ಲ. ಲಿಫ್ಟು ನಡೆಸಿ ಓದಿನ ಖರ್ಚನ್ನು ದುಡಿದುಕೊಂಡನು. 1935ರ ಮೇ 25ರಂದು ಆ್ಯನ್ ಆರ್ಬರ್ ನಗರದಲ್ಲಿ, ಬೆನ್ನು ನೋವಿನಿಂದ ಬಾಗಲೂ ಕಷ್ಟವಾಗಿದ್ದಾಗ, ಮುಕ್ಕಾಲು ಗಂಟೆಯೊಳಗೆ ಮೂರು ವಿಶ್ವದಾಖಲೆಗಳನ್ನು ಮುರಿದು ನಾಲ್ಕನೆಯದನ್ನು ಸರಿಗಟ್ಟಿದನು. 100 ಗಜ 9.4 ಸೆಕೆಂಡು, 220 ಗಜ 20.3, ಅಷ್ಟೇ ದೂರದ ಹರ್ಡಲ್ಸ್ 22.6, ಉದ್ದ ಜಿಗಿತ, ಒಂದೇ ಪ್ರಯತ್ನದಲ್ಲಿ, 8.13 ಮೀಟರು. ಈ ಜಿಗಿತವನ್ನು ಮೀರಲು ಲೋಕಕ್ಕೆ 25 ವರ್ಷ ಬೇಕಾಯಿತು.

ಮರುವರ್ಷ ಬರ್ಲಿನ್ ಒಲಿಂಪಿಕ್ಸ್. ನೂರು ಮೀಟರಿನ ಎರಡನೆಯ ಸುತ್ತಿನಲ್ಲಿ ಆತ 10.2 ಸೆಕೆಂಡುಗಳಲ್ಲಿ ಓಡಿದನು. ಆದರೆ ಗಾಳಿ ಬೆನ್ನಿಗಿದ್ದುದರಿಂದ ಅದು ದಾಖಲೆಗೆ ಸೇರಲಿಲ್ಲ. ಹಿಂಗಾಳಿ ಸೆಕೆಂಡಿಗೆ 2 ಮೀಟರನ್ನು ಮೀರಿದರೆ ದಾಖಲೆಯಿಲ್ಲವೆಂಬ ನಿಯಮ ಬಂದದ್ದು ಅದೇ 1936ರಲ್ಲಿ. ನಿಯಮ ನ್ಯಾಯವಾದದ್ದೇ. ಅಷ್ಟು ಗಾಳಿ ಒಳ್ಳೆಯ ಓಟಗಾರನಿಗೆ ಸುಮಾರು ಸೆಕೆಂಡಿನ ಹತ್ತನೆಯ ಒಂದು ಭಾಗವನ್ನು ಉಳಿಸಿಕೊಡುತ್ತದೆ. ಅಷ್ಟೇ ವೇಗದ ಗಾಳಿ ಎದುರಿನಿಂದ ಬಂದರೆ ಕಳೆದುಕೊಳ್ಳುವುದು ಅದಕ್ಕಿಂತ ತುಸು ಹೆಚ್ಚೇ. ಏಕೆಂದರೆ ಓಡುವವನ ವೇಗಕ್ಕೆ ಎದುರುಗಾಳಿಯ ವೇಗ ಕೂಡಿದಂತೆ ತಡೆ ವರ್ಗದ ಪ್ರಮಾಣದಲ್ಲಿ ಬೆಳೆಯುತ್ತದೆ. ಆದರೆ ಈ ಎರಡನೆಯ ಲೆಕ್ಕಕ್ಕೆ ದಾಖಲೆಯ ಪುಸ್ತಕದಲ್ಲಿ ಪರಿಹಾರವಿಲ್ಲ. ಹಿಂಗಾಳಿಯಲ್ಲಿ ಪಡೆದದ್ದನ್ನು ಅದು ತಳ್ಳಿಹಾಕುತ್ತದೆ. ಎದುರುಗಾಳಿಯಲ್ಲಿ ತೆತ್ತದ್ದನ್ನು ತುಂಬಿಕೊಡುವುದಿಲ್ಲ.

ಆತನಿಗೆ ಚಿಂತೆಯಿರಲಿಲ್ಲ. ಜೂನ್ ತಿಂಗಳಲ್ಲೇ ಷಿಕಾಗೋ ನಗರದಲ್ಲಿ ಅದೇ 10.2ನ್ನು ನಿಯಮದೊಳಗೆ ಓಡಿದ್ದನು. ಆ ದಾಖಲೆ 1956ರವರೆಗೂ ಮುರಿಯಲಿಲ್ಲ. ಬರ್ಲಿನ್ನಿನಲ್ಲಿ ನೂರು ಮೀಟರು, ಇನ್ನೂರು ಮೀಟರು, ಉದ್ದ ಜಿಗಿತ, ರಿಲೇ ಎಂದು ನಾಲ್ಕು ಚಿನ್ನ ಗೆದ್ದನು. ಜನಾಂಗದ ಮೇಲ್ಮೆಯನ್ನು ಸಾರಲು ಹಿಟ್ಲರನು ಸಜ್ಜುಗೊಳಿಸಿದ ಅಂಗಳದಲ್ಲಿ ಗುಲಾಮರ ಮೊಮ್ಮಗ ಗೆದ್ದನೆಂಬ ಕಥೆಯನ್ನು ಎಲ್ಲರೂ ಬಲ್ಲರು.

ಅದರ ಮುಂದಿನ ಕಥೆಯನ್ನು ನಾವು ಅಷ್ಟಾಗಿ ಹೇಳುವುದಿಲ್ಲ. ತಾಯ್ನಾಡಿನ ಅಧ್ಯಕ್ಷನಿಂದ ಒಂದು ಅಭಿನಂದನೆಯೂ ಬರಲಿಲ್ಲ. ನ್ಯೂಯಾರ್ಕಿನಲ್ಲಿ ಆತನ ಗೌರವಾರ್ಥವೇ ನಡೆದ ಸತ್ಕಾರಕ್ಕೆ ಹೋಟೆಲಿನ ಸಾಮಾನು ಸಾಗಿಸುವ ಲಿಫ್ಟಿನಲ್ಲಿ ಏರಿ ಹೋಗಬೇಕಾಯಿತು. ಯೂರೋಪಿನ ಪ್ರದರ್ಶನ ಪಂದ್ಯಗಳನ್ನು ಬಿಟ್ಟು ಮನೆಗೆ ಮರಳಿದನೆಂದು ಕ್ರೀಡಾಧಿಕಾರಿಗಳು ಆತನನ್ನು ಹವ್ಯಾಸಿ ಓಟಗಳಿಂದ ಹೊರಗಿಟ್ಟರು. ವರ್ಷ ಮುಗಿಯುವ ಮೊದಲೇ, ಹವಾನಾದಲ್ಲಿ, ಆತ ಹಣಕ್ಕಾಗಿ ಕುದುರೆಯ ಜೊತೆ ಓಡಿದನು. ನಲವತ್ತು ಗಜ ಮುಂದೆ ನಿಲ್ಲಿಸಿ ಓಡಿಸಿದರು, ಗೆದ್ದನು. ಮೈದಾನದಲ್ಲಿ ಎಂದೂ ಬೇಡದಿದ್ದ ರಿಯಾಯಿತಿ ಹೊಟ್ಟೆಯ ಪಾಡಿನಲ್ಲಿ ಬೇಕಾಯಿತು. ಡ್ರೈ ಕ್ಲೀನಿಂಗ್ ಅಂಗಡಿ ತೆರೆದು ದಿವಾಳಿಯಾದನು.

ಮಾನ ತಡವಾಗಿ ಬಂದಿತು. 1955ರಲ್ಲಿ ಅಮೆರಿಕ ಸರಕಾರದ ಸೌಹಾರ್ದ ದೂತನಾಗಿ ನಮ್ಮ ಭಾರತಕ್ಕೂ ಬಂದುಹೋದನು. 1968ರಲ್ಲಿ ಮೆಕ್ಸಿಕೋ ನಗರದ ಪದಕವೇದಿಕೆಯಲ್ಲಿ ಮುಷ್ಟಿಯೆತ್ತಿದ ಕಿರಿಯ ಓಟಗಾರರನ್ನು ಆತ ಮೊದಲು ಒಪ್ಪಲಿಲ್ಲ. ಕೆಲವು ವರ್ಷಗಳಲ್ಲಿ ಆ ಮಾತನ್ನು ತಾನೇ ತಿದ್ದಿಕೊಂಡನು. ಇದನ್ನು ದೌರ್ಬಲ್ಯವೆನ್ನಲು ನನಗೆ ಮನಸ್ಸಿಲ್ಲ. ಒಲಿಂಪಿಕ್ಸಿನ 40 ವರ್ಷಗಳ ಮೇಲೆ, 1976ರಲ್ಲಿ, ಅಧ್ಯಕ್ಷ ಫೋರ್ಡ್ ಸ್ವಾತಂತ್ರ್ಯ ಪದಕವನ್ನು ತೊಡಿಸಿದನು. 1980ರ ಮಾರ್ಚ್ 31ರಂದು, ಶ್ವಾಸಕೋಶದ ಕ್ಯಾನ್ಸರಿನಿಂದ, ಟೂಸಾನ್ ನಗರದಲ್ಲಿ ಓವೆನ್ಸ್ ತೀರಿಕೊಂಡನು.

ಇದಿಷ್ಟನ್ನೂ ನಾನು ಆ ಹುಡುಗನಿಗೆ ಹೇಳಿದೆ. ಎದುರುಗಾಳಿಗೆ ಕಾಲ ಕಳೆದು ಕೊಡುವ ನಿಯಮವಿಲ್ಲವೆಂದೂ, ಅದನ್ನು ಲೆಕ್ಕಕ್ಕೆ ತರುವುದು ಬಾಳನ್ನು ಬರೆಯುವವರ ಪಾಲಿನ ಕೆಲಸವೆಂದೂ ಹೇಳಿದೆ. ಅವನಿಗೆ ಸಮಾಧಾನವಾಯಿತೋ ಇಲ್ಲವೋ, ತಲೆಯಾಡಿಸಿ ಹೋದನು.

ಈ ವರ್ಷವೂ ಗಡಿಯಾರ ನನ್ನ ಕೈಗೇ ಬಂದಿತು. ಬಾವುಟಗಳು ಈ ಸಲ ಓಟಗಾರರ ಕಡೆಗೆ ಬಡಿಯುತ್ತಿದ್ದವು. ಹುಡುಗ ಗೆದ್ದನು, ಕಾಲ ಮಾತ್ರ ಹಿಂದಿನದಕ್ಕಿಂತ ಹೆಚ್ಚು. ಅಂಕೆಯನ್ನು ಬರೆದುಕೊಂಡ ಮೇಲೆ, ಯಾರೂ ಕೇಳದಿದ್ದರೂ, ಅದರ ಪಕ್ಕದಲ್ಲಿ ಪೆನ್ಸಿಲಿನಿಂದ ಎದುರುಗಾಳಿ ಎಂದು ಬರೆದಿಟ್ಟೆ.