ತಲೆಸುತ್ತಿನ ಬೇರು ಕಿವಿಯಲ್ಲಿ ಕಂಡ ವೈದ್ಯ

ಭಾಗಮಂಡಲದಿಂದ ಕರಿಕೆಗೆ ಬರುವ ತಿರುವುಗಳಲ್ಲಿ ತಲೆ ಸುತ್ತಿದರೆ ನಾವು ಪಿತ್ತವನ್ನು ದೂರುತ್ತೇವೆ. ದೇಹದ ಸಮತೋಲನ ಕಾಯುವುದರಲ್ಲಿ ಒಳಕಿವಿಗೂ ದೊಡ್ಡ ಪಾಲಿದೆ ಎಂಬುದು ನೆನಪಾಗುವುದಿಲ್ಲ. ಕಾಯಿಲೆಯಾಗಿ ಕಾಡುವ ತಲೆಸುತ್ತಿನ ಮೂಲವೂ ಅಲ್ಲಿರಬಹುದೆಂದು ತೋರಿಸಿದವರು ಫ್ರಾನ್ಸ್‌ನ ವೈದ್ಯ ಪ್ರಾಸ್ಪರ್ ಮೆನಿಯೆರ್.

1799ರಲ್ಲಿ ಹುಟ್ಟಿದ ಅವರು 1838ರಿಂದ ಪ್ಯಾರಿಸ್‌ನ ಕಿವುಡರ ಸಂಸ್ಥೆಯಲ್ಲಿ ವೈದ್ಯರಾಗಿದ್ದರು. ದಿಢೀರ್ ತಲೆಸುತ್ತು, ವಾಂತಿ ಬಂದರೆ ಮೆದುಳಿಗೆ ರಕ್ತ ಏರಿದೆ ಎಂದು ಆಗ ರೋಗಿಯ ರಕ್ತವನ್ನೇ ತೆಗೆಯುತ್ತಿದ್ದರು. ಇಂಥ ಕೆಲವರಿಗೆ ಕಿವಿಯಲ್ಲಿ ಗುಂಯ್‌ಗುಡುವ ಸದ್ದೂ ಇದ್ದು, ಕೇಳಿಸುವುದು ಕುಗ್ಗುತ್ತಿದ್ದುದನ್ನು ಮೆನಿಯೆರ್ ಗಮನಿಸಿದರು. ದೋಷ ಮೆದುಳಿನದಲ್ಲ, ಒಳಕಿವಿಯದು ಎಂದು 1861ರಲ್ಲಿ ವೈದ್ಯಕೀಯ ಅಕಾಡೆಮಿಯ ಮುಂದಿಟ್ಟರು. ಕೂಡಲೇ ಮನ್ನಣೆ ಸಿಗಲಿಲ್ಲ. ಮರುವರ್ಷವೇ ತೀರಿಕೊಂಡರು.

ಮುಂದೆ ಆ ಕಾಯಿಲೆಗೆ ಅವರದೇ ಹೆಸರು ಬಂತು. ಇದರಲ್ಲಿ ಒಳಕಿವಿಯ ದ್ರವ ಹೆಚ್ಚಿ ಒತ್ತುತ್ತದೆ ಎಂಬುದು 1938ರಲ್ಲಿ ಗೊತ್ತಾಯಿತು. ಪೂರ್ತಿ ವಾಸಿಯಾಗದಿದ್ದರೂ ಉಪ್ಪು ಕಡಿಮೆ ಮಾಡಿ, ಔಷಧ ತೆಗೆದುಕೊಂಡು ಹತೋಟಿಯಲ್ಲಿಡಬಹುದು. ಗೆಳೆಯರೇ, ತಲೆಸುತ್ತಿನ ಜೊತೆ ಒಂದು ಕಿವಿ ಮಂದವಾದರೆ ಪರೀಕ್ಷೆಯ ನಿದ್ದೆಗೇಡೆಂದು ಸುಮ್ಮನಾಗಬೇಡಿ. ತಡಮಾಡದೆ ಇಎನ್‌ಟಿ ವೈದ್ಯರನ್ನು ಕಾಣಿ.

– ಬಿ.ಇ. ವಿದ್ಯಾರ್ಥಿ, ಕರಿಕೆ, ಕೊಡಗು