ನಂಬಿ ದುಡಿದ ಕಿಟ್ಟೆಲ್ಲರು

ಸೂರತ್ತಿನ ಜನರು ಕವಿ ನರ್ಮದರನ್ನು ಇಂದಿಗೂ ಅಭಿಮಾನದಿಂದ ನೆನೆಯುತ್ತಾರೆ. 1833ರಲ್ಲಿ ಆ ಊರಿನಲ್ಲಿ ಹುಟ್ಟಿದ ಅವರು ಶಿಕ್ಷಕ ವೃತ್ತಿಯನ್ನು ತೊರೆದು, ಲೇಖನಿಯೊಂದನ್ನೇ ನಂಬಿ ಬಾಳಿ, 1873ರಲ್ಲಿ ‘ನರ್ಮಕೋಶ’ವೆಂಬ ನಿಘಂಟನ್ನು ಗುಜರಾತಿ ನುಡಿಗೆ ಒಪ್ಪಿಸಿದರು. ಅಹಮದಾಬಾದು, ವಡೋದರಾ, ಸೂರತ್ತುಗಳಲ್ಲಿ ಅನ್ನ ನೀರು ಕಂಡುಕೊಂಡಿರುವ ನಾವು ಆ ಹೆಸರನ್ನು ಕೇಳಿದಾಗಲೆಲ್ಲ, ಅವರಿಗಿಂತ ಒಂದೇ ವರ್ಷ ಹಿರಿಯರಾದ ಇನ್ನೊಬ್ಬ ನಿಘಂಟುಕಾರರು ನಮ್ಮ ನೆನಪಿಗೆ ಬರುತ್ತಾರೆ. ನರ್ಮದರು ತಾಯ್ನುಡಿಗಾಗಿ ದುಡಿದರು. ಇವರಾದರೋ ತಮ್ಮದಲ್ಲದ ನುಡಿಗಾಗಿ ಆಯುಷ್ಯವನ್ನೇ ಸವೆಸಿದರು. ಅವರೇ ರೆವರೆಂಡ್ ಫರ್ಡಿನಂಡ್ ಕಿಟ್ಟೆಲ್. ರಾಜ್ಯೋತ್ಸವದ ಈ ಶುಭ ಸಂದರ್ಭದಲ್ಲಿ ಆ ಹಿರಿಯ ಜೀವವನ್ನು ಸ್ಮರಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಕಿಟ್ಟೆಲ್ಲರು ಹುಟ್ಟಿದ್ದು 1832ರಲ್ಲಿ, ಜರ್ಮನಿಯ ಉತ್ತರದ ಕಡಲಂಚಿನ ರೆಸ್ಟರ್‌ಹಾಫೆ ಎಂಬ ಸಣ್ಣ ಊರಿನಲ್ಲಿ. ತಂದೆ ಪಾದ್ರಿಗಳು. ಮನೆಯಲ್ಲಿ ದೈವಭಕ್ತಿ ಉಸಿರಿನಂತೆ ಬೆರೆತಿತ್ತು. ಬಾಸೆಲ್ ನಗರದ ಮಿಶನ್ ಶಾಲೆಯಲ್ಲಿ ಶಿಕ್ಷಣ ಪಡೆದು, 1853ರಲ್ಲಿ, ಇನ್ನೂ ಇಪ್ಪತ್ತೊಂದರ ಹರೆಯದಲ್ಲಿ, ಅವರು ಭಾರತಕ್ಕೆ ಹಡಗು ಹತ್ತಿದರು. ಹುಬ್ಬಳ್ಳಿ, ಧಾರವಾಡ, ಮಂಗಳೂರು, ಮಡಿಕೇರಿ, ಇವು ಅವರ ಕರ್ಮಭೂಮಿಗಳಾದವು.

ಅವರು ಬಂದದ್ದು ಕ್ರೈಸ್ತಮತ ಪ್ರಚಾರಕ್ಕೆಂಬುದನ್ನು ಮರೆಮಾಚಬೇಕಾದ ಕಾರಣವಿಲ್ಲ. ಆದರೆ ಜನರ ಮನಸ್ಸನ್ನು ಮುಟ್ಟಬೇಕಾದರೆ ಅವರ ನುಡಿಯನ್ನೂ ನಡೆಯನ್ನೂ ಅರಿಯಬೇಕೆಂದು ಕಿಟ್ಟೆಲ್ಲರು ಬಲ್ಲವರಾಗಿದ್ದರು. ಯುರೋಪಿನವರ ಠೀವಿಯಿಂದ ದೂರ ನಿಂತು ಬಾಳುವುದು ಅವರಿಗೆ ಒಗ್ಗಲಿಲ್ಲ. ಇದರಿಂದ ತಮ್ಮವರೊಡನೆಯೇ ಭಿನ್ನಾಭಿಪ್ರಾಯಗಳೂ ಬಂದವು. ಅವರು ಹಿಮ್ಮೆಟ್ಟಲಿಲ್ಲ. ಪಂಡಿತರ ಬಳಿ ಕುಳಿತು ಹಳಗನ್ನಡವನ್ನು ಓದಿದರು, ಜನರೊಡನೆ ಬೆರೆತು ಆಡುನುಡಿಯನ್ನು ಕಲಿತರು. 1862ರಲ್ಲಿ ಯೇಸುವಿನ ಚರಿತೆಯನ್ನು ಕನ್ನಡದ ಛಂದಸ್ಸಿನಲ್ಲಿ ಹೇಳುವ ‘ಕಥಾಮಾಲೆ’ಯನ್ನು ಹೊರತಂದರು.

ಅವರ ಬಾಳಿನ ಕಡು ಕಷ್ಟವು ಆ ಮೇಲೆ ಬಂದಿತು. 1860ರಲ್ಲಿ ಅವರು ಪೌಲೀನ್ ಐತ್ ಎಂಬ ಕನ್ಯೆಯನ್ನು ವರಿಸಿದ್ದರು. ನಾಲ್ಕೇ ವರ್ಷ! 1864ರಲ್ಲಿ ಆಕೆ ತೀರಿಕೊಂಡರು. ಹೆತ್ತವರಿಲ್ಲ, ಬಂಧುಗಳಿಲ್ಲ, ಸಾವಿರಾರು ಮೈಲಿ ಆಚೆ ತವರು. ಮನೆಯಲ್ಲಿ ಸಾವು ಸಂಭವಿಸಿದಾಗ ಪರಸ್ಥಳವು ಎಷ್ಟು ಬರಿದಾಗಿ ಕಾಣುತ್ತದೆಂಬುದನ್ನು ವಲಸೆ ಬಂದ ನಮ್ಮ ಕುಟುಂಬಗಳಿಗೆ ಬೇರೆಯಾಗಿ ಹೇಳಬೇಕೇ?

ದೇವರ ಕೆಲಸಕ್ಕೆಂದು ಹೊರಟವನಿಗೆ ದೇವರು ಇಂತಹ ಪೆಟ್ಟು ಕೊಡಬಹುದೇ ಎಂದು ಯಾರಿಗಾದರೂ ಅನ್ನಿಸೀತು. ಕ್ರೈಸ್ತರ ವೇದಗ್ರಂಥದಲ್ಲಿ ಯೋಬನೆಂಬ ಸಜ್ಜನನ ಕಥೆಯಿದೆ. ಮಕ್ಕಳು, ಸಿರಿ, ಆರೋಗ್ಯ ಎಲ್ಲವನ್ನೂ ಕಳೆದುಕೊಂಡರೂ ಅವನು ದೇವರ ಕೈಬಿಡಲಿಲ್ಲ. ಹರಿಶ್ಚಂದ್ರನ ಕಥೆಯನ್ನು ಕೇಳಿ ಬೆಳೆದ ನಮಗೆ ಇದು ಅಪರಿಚಿತವಲ್ಲ. ನಂಬಿಕೆಯೆಂದರೆ ಕಷ್ಟವೇ ಬಾರದೆಂಬ ಭರವಸೆಯಲ್ಲ. ಕಷ್ಟ ಬಂದ ಮರುದಿನವೂ ಎದ್ದು ತನ್ನ ಕೆಲಸಕ್ಕೆ ಕೈಹಚ್ಚುವ ಬಲ. ಕಿಟ್ಟೆಲ್ಲರ ಬಾಳಿನಲ್ಲಿ ನಾವು ಕಾಣುವುದು ಈ ಬಲವನ್ನೇ. ಕೆಲವು ವರ್ಷಗಳ ತರುವಾಯ ಪೌಲೀನರ ಸೋದರಿ ಯೂಲಿಯವರನ್ನು ವಿವಾಹವಾಗಿ ಅವರು ಮರಳಿ ಸಂಸಾರ ಹೂಡಿದರು. 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿ ಅಚ್ಚು ಹಾಕಿಸಿದರು.

ಇವೆಲ್ಲಕ್ಕೂ ಮಿಗಿಲಾದುದು ನಿಘಂಟು. ಬಳ್ಳಾರಿಯ ರೀವ್ ಪಾದ್ರಿಗಳ ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿಯೇ ಬಂದಿತ್ತಾದರೂ ಕನ್ನಡದ ಆಳ ಅಗಲಗಳಿಗೆ ಅದು ಸಾಲದಾಗಿತ್ತು. ಕಿಟ್ಟೆಲ್ಲರು ಕಾವ್ಯಗಳಿಂದಲೂ, ಗಾದೆಗಳಿಂದಲೂ, ಜನರ ಬಾಯಿಂದಲೂ ಪದಗಳನ್ನು ಆಯ್ದರು. ಅಚ್ಚಗನ್ನಡದ ಪದ ಯಾವುದು, ಸಂಸ್ಕೃತದಿಂದ ಬಂದುದು ಯಾವುದು ಎಂದು ಬೇರ್ಪಡಿಸಿದರು. ತಮಿಳು, ತೆಲುಗು, ಮಲಯಾಳ, ತುಳುಗಳ ಸೋದರ ಪದಗಳನ್ನು ಪಕ್ಕದಲ್ಲಿಟ್ಟು ತೋರಿಸಿದರು. 1877ರಲ್ಲಿ ಸ್ವದೇಶಕ್ಕೆ ಹಿಂದಿರುಗಿದ್ದ ಅವರು ಅಲ್ಲಿಯೇ ವಿಶ್ರಾಂತಿ ಪಡೆಯಬಹುದಿತ್ತು. ಕೆಲಸ ಮುಗಿದಿರಲಿಲ್ಲ. ಐವತ್ತು ದಾಟಿದ ಮೇಲೆ, 1883ರಲ್ಲಿ, ಸಂಸಾರವನ್ನು ಅಲ್ಲಿಯೇ ಬಿಟ್ಟು ಪುನಃ ಕನ್ನಡ ನಾಡಿಗೆ ಬಂದರು. 1892ರವರೆಗೂ ಇಲ್ಲಿದ್ದು ದುಡಿದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನಿಂದ ನಿಘಂಟು ಹೊರಬಿದ್ದಿತು. ಅದರಲ್ಲಿ ಸುಮಾರು 70,000 ಪದಗಳು! 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾನಿಲಯವು ಅವರಿಗೆ ಡಾಕ್ಟರ್ ಪದವಿಯನ್ನಿತ್ತು ಗೌರವಿಸಿತು. ಆಗಲೂ ಅವರು ಲೇಖನಿಯನ್ನು ಕೆಳಗಿಡಲಿಲ್ಲ. 1903ರಲ್ಲಿ ಅವರ ಕನ್ನಡ ವ್ಯಾಕರಣವು ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಟ್ಯೂಬಿಂಗನ್ನಿನಲ್ಲಿ ಅವರು ಕಣ್ಣುಮುಚ್ಚಿದರು.

ಮತಾಂತರದ ಲೆಕ್ಕದಲ್ಲಿ ನೋಡಿದರೆ ಅವರ ಫಸಲು ದೊಡ್ಡದೇನೂ ಅಲ್ಲ. ಬಿತ್ತಲು ಬಂದ ಬೀಜವೊಂದು, ಬೆಳೆದ ಮರ ಇನ್ನೊಂದು. ಅದರ ನೆರಳು ಮಾತ್ರ ಹಿಂದು, ಮುಸಲ್ಮಾನ, ಕ್ರೈಸ್ತ, ಜೈನರೆನ್ನದೆ ಕನ್ನಡಿಗರೆಲ್ಲರಿಗೂ ದಕ್ಕಿತು. ಮುಂದೆ ಮರಿಯಪ್ಪ ಭಟ್ಟರು ಈ ನಿಘಂಟನ್ನು ಪರಿಷ್ಕರಿಸಿ ಹಿಗ್ಗಿಸಲು, ಮದ್ರಾಸು ವಿಶ್ವವಿದ್ಯಾನಿಲಯವು 1968ರಿಂದ 1971ರವರೆಗೆ ಅದನ್ನು ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿತು. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ. ಬೆಂಗಳೂರಿನಲ್ಲಿ ಅವರ ಪ್ರತಿಮೆಯಿದೆ.

ನಮ್ಮ ಮಕ್ಕಳು ಬೀದಿಯಲ್ಲಿ ಗುಜರಾತಿ ಆಡುತ್ತಾರೆ, ಶಾಲೆಯಲ್ಲಿ ಇಂಗ್ಲಿಷು. ಅದು ತಪ್ಪಲ್ಲ, ಅನ್ನವಿತ್ತ ನೆಲದ ನುಡಿಯನ್ನು ಕಲಿಯಲೇಬೇಕು. ಕಿಟ್ಟೆಲ್ಲರು ನಮಗೆ ಕಲಿಸಿದ್ದೂ ಅದನ್ನೇ. ಆದರೆ ಮನೆಯೊಳಗಿನ ಕನ್ನಡ ಸೊರಗುತ್ತಿದೆಯೆಂದು ನಾವು ಕೈಚೆಲ್ಲಿ ಕುಳಿತಾಗ, ಒಂದೊಂದೇ ಪದವನ್ನು ಆಯ್ದು ಎಪ್ಪತ್ತು ಸಾವಿರದ ರಾಶಿ ಹಾಕಿದ ಆ ಪರದೇಶಿಯನ್ನು ನೆನೆಯೋಣ. ಇಂದು ರಾತ್ರಿ ಊಟದ ಹೊತ್ತಿಗೆ ಮಗುವಿಗೆ ಒಂದು ಕನ್ನಡ ಪದವನ್ನು ಹೇಳಿಕೊಡೋಣ, ನಾಳೆ ಇನ್ನೊಂದು. ಫಲವನ್ನು ಅವರವರು ನಂಬಿದ ದೇವರಿಗೆ ಬಿಟ್ಟು, ನಮ್ಮ ಪಾಲಿನ ಕೆಲಸವನ್ನು ನಾವು ಮಾಡೋಣ.